ಒಡೀತು ಸರಿ, ಒಡೆದೋರು ಯಾರು?

ಹೋದ ವಾರ ಪೇಪರಿನ ಒಂದು ಸಾಲಿನ ಬಗ್ಗೆ ಪೋಸ್ಟ್ ಹಾಕಿದ್ದೆ. "ದೇವಸ್ಥಾನ ಪ್ರವೇಶಿಸಿದ ದಲಿತ ಯುವಕನ ಮೇಲೆ ಹಲ್ಲೆ ನಡೆದಿದೆ" ಅಂತ ಇತ್ತು ಆ ಸಾಲು. ನನ್ನ ತಕರಾರು ಇಷ್ಟೇ. ಹಲ್ಲೆ ಅನ್ನೋದು ಮಳೆ ಅಲ್ಲ, ತಾನಾಗೇ ಆಗೋಕೆ. ಒಳಗೆ ಹೋದವನು ಯಾರು ಅಂತ ಜಾತಿ ಸಮೇತ ಬರೆದವರಿಗೆ, ಹೊಡೆದವನು ಯಾರು ಅಂತ ಬರೆಯೋಕೆ ಏನು ಅಡ್ಡಿ ಇತ್ತು?

ಅದಕ್ಕೆ ಭಾಷಾಶಾಸ್ತ್ರ ಓದಿಕೊಂಡಿರೋ ಒಬ್ಬ ಮೇಷ್ಟ್ರು ಉತ್ತರ ಕೊಟ್ಟರು. "ಪೋರ್ಚುಗೀಸ್ ಕಲಿಯೋ ಎರಡು ವರ್ಷದ ಮಗು ಕೂಡ ಮಾಡಿದವರ ಹೆಸರು ಹೇಳದೆ ಆದದ್ದನ್ನಷ್ಟೇ ಹೇಳುತ್ತೆ. ಇದು ಭಾಷೆಯ ಸಹಜ ಗುಣ. ಆ ಮಗು ಯಾವ ಜಾತಿ? ವ್ಯಾಕರಣಕ್ಕೂ ಜಾತಿ ಬಳೀಬೇಡಿ." ನನ್ನ ಪೋಸ್ಟಿಗಿಂತ ಅವರ ಮಾತಿಗೇ ಲೈಕು ಜಾಸ್ತಿ ಬಂತು.

ಮೇಷ್ಟ್ರೇ, ಒಂದು ವಾರ ನೀವು ಹೇಳಿದ ವಿಷಯವನ್ನೇ ಹುಡುಕಿ ಓದಿದೆ. ನೀವು ಹೇಳಿದ್ದು ಅರ್ಧ ನಿಜ. ಉಳಿದ ಅರ್ಧವನ್ನು ನೀವು ಹೇಳಲಿಲ್ಲ. ಅದನ್ನು ಇಲ್ಲಿ ಬರೀತೀನಿ. ಉದ್ದ ಆಗುತ್ತೆ, ಸಮಾಧಾನದಿಂದ ಓದಿ.

ಮೊದಲು ನಿಜವಾದ ಅರ್ಧ. ಬ್ರೆಜಿಲ್‌ನಲ್ಲಿ ಮಾತು ಕಲಿಯೋ ಮಗುವಿನ ಬಾಯಲ್ಲಿ ಮೊದಮೊದಲು ಬರೋ ಕ್ರಿಯಾಪದಗಳಲ್ಲಿ ಮೂರು ಹೀಗಿವೆ. ಕಾಯೂ, ಅಂದ್ರೆ ಬಿತ್ತು. ಅಕಬೋ, ಮುಗೀತು. ಕೆಬ್ರೋ, ಒಡೀತು. ಲೋಟ ಕೈಜಾರಿ ಕೆಳಗೆ ಬಿದ್ದು ಚೂರಾದಾಗ ಮಗು ಚೂರಿನ ಕಡೆ ಬೆರಳು ತೋರಿಸಿ "ಕೆಬ್ರೋ!" ಅನ್ನುತ್ತೆ. ಒಡೆದಿದ್ದು ಅದೇ ಇರಬಹುದು, ಅಕ್ಕ ಇರಬಹುದು, ಬೆಕ್ಕು ಇರಬಹುದು. ಮಾಡಿದವರ ಸುದ್ದಿ ಆ ಮಾತಲ್ಲಿ ಇಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬ್ರೆಜಿಲ್ ಪೋರ್ಚುಗೀಸಿನಲ್ಲಿ "ಲೋಟ ಒಡೀತು" ಅನ್ನೋದಕ್ಕೂ "ಹುಡುಗ ಲೋಟ ಒಡೆದ" ಅನ್ನೋದಕ್ಕೂ ಕ್ರಿಯಾಪದ ಅದೇ, ಕೆಬ್ರೋ. ಪೋರ್ಚುಗಲ್ ಕಡೆಯವರು ತಾನಾಗೇ ಒಡೀತು ಅಂತ ಹೇಳಬೇಕಾದಾಗ ಕ್ರಿಯಾಪದದ ಪಕ್ಕ 'ಸೆ' ಅಂತ ಒಂದು ಚಿಕ್ಕ ಪದ ಸೇರಿಸ್ತಾರೆ. ಬ್ರೆಜಿಲ್‌ನ ಆಡುಮಾತಲ್ಲಿ ಅದೂ ಸಾಮಾನ್ಯವಾಗಿ ಬಿಟ್ಟುಹೋಗಿದೆ. ಹಾಗಾಗಿ ಮಗು ಬರೀ "ಕೆಬ್ರೋ" ಅಂದ್ರೆ ಅದು ಒಡೀತೋ, ಅವನು ಒಡೆದನೋ, ಅವಳು ಒಡೆದಳೋ ಅಂತ ಪದ ನೋಡಿ ಹೇಳೋಕಾಗಲ್ಲ. ನಮ್ಮ ಕನ್ನಡ ಹಾಗಲ್ಲ. ಒಡೆದ, ಒಡೆದಳು, ಒಡೀತು, ಮೂರೂ ಬೇರೆ ಬೇರೆ. ಕನ್ನಡದಲ್ಲಿ "ಒಡೀತು" ಅಂದ್ರೆ ಅಲ್ಲಿ ಮನುಷ್ಯರನ್ನು ಹೊರಗಿಟ್ಟೇ ಮಾತಾಡಿದ ಹಾಗೆ. ಅಂದಮೇಲೆ ಮೇಷ್ಟ್ರೇ, ಪೋರ್ಚುಗೀಸ್ ಮಗುವಿಗೆ ಇರೋ ನೆಪ "ಹಲ್ಲೆ ನಡೆದಿದೆ" ಅಂತ ಬರೆಯೋ ಕನ್ನಡದ ವರದಿಗಾರನಿಗೆ ಇಲ್ಲ.

ಶಾಲೆಯಲ್ಲಿ ನಾವೆಲ್ಲ ಕಲಿತ ಕರ್ಮಣಿ ಪ್ರಯೋಗ ನೆನಪಿದೆಯಲ್ಲ? ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಪೋರ್ಚುಗೀಸಿನಲ್ಲೂ ಅಂಥದ್ದು ಇದೆ, ನಮ್ಮ 'ಇಂದ' ಇರೋ ಜಾಗದಲ್ಲಿ ಅವರದ್ದು 'ಪೋರ್'. ಮಕ್ಕಳಿಗೆ ಈ 'ಇಂದ' ಇರೋ ಪೂರ್ತಿ ವಾಕ್ಯ ಕಷ್ಟ. ಎಷ್ಟೋ ಮಕ್ಕಳಿಗೆ ಐದಾರು ವರ್ಷದವರೆಗೂ ಯಾರು ಯಾರನ್ನು ತಳ್ಳಿದರು ಅನ್ನೋದು ಅದಲು ಬದಲಾಗುತ್ತೆ. 'ಇಂದ' ಕತ್ತರಿಸಿ ಹಾಕಿದ ಮೋಟು ವಾಕ್ಯ, "ಲೋಟ ಒಡೆಯಲ್ಪಟ್ಟಿದೆ" ಅನ್ನೋ ಥರದ್ದು, ಬೇಗ ಬರುತ್ತೆ. ಇಲ್ಲಿಗೆ ನಿಮ್ಮ ಅರ್ಧ ಮುಗೀತು ಮೇಷ್ಟ್ರೇ. ನಾನು ಒಪ್ಪಿದೆ.

ಈಗ ನೀವು ಹೇಳದ ಅರ್ಧ.

ಒಂದು. ಆ ಮಗುವನ್ನು "ಕೇಂ ಕೆಬ್ರೋ?" ಅಂತ ಕೇಳಿ. ಯಾರು ಒಡೆದಿದ್ದು? ಮಾತು ಬರೋ ಮಗು ಉತ್ತರ ಕೊಡುತ್ತೆ. ನಾನು ಅನ್ನುತ್ತೆ, ಅಕ್ಕ ಅನ್ನುತ್ತೆ, ಏಟು ಬೀಳೋ ಲಕ್ಷಣ ಕಂಡರೆ ಬೆಕ್ಕಿನ ಮೇಲೂ ಹಾಕುತ್ತೆ. ಸುಳ್ಳೇ ಹೇಳಿದರೂ ಒಬ್ಬರ ಕಡೆ ಬೆರಳು ತೋರಿಸೇ ತೋರಿಸುತ್ತೆ. "ಒಡೆಯುವಿಕೆ ಸಂಭವಿಸಿರುತ್ತದೆ" ಅಂತ ಯಾವ ಮಗುವೂ ಹೇಳಲ್ಲ. ಮಗು ಕರ್ತೃವನ್ನು ಬಿಟ್ಟಿದ್ದು ಮುಚ್ಚಿಡೋಕಲ್ಲ. ಅದರ ಕಣ್ಣು ಚೂರಿನ ಮೇಲಿತ್ತು, ಅಷ್ಟೇ.

ಎರಡು. ಮಕ್ಕಳು ಕರ್ತೃವನ್ನು ಬಿಡೋದು ಮಾತ್ರ ಅಲ್ಲ, ವ್ಯಾಕರಣ ಬೇಡ ಅಂದ ಕಡೆಯೂ ಕರ್ತೃವನ್ನು ತಂದು ತುರುಕ್ತಾರೆ. ಬ್ರೆಜಿಲ್ ಮಕ್ಕಳ ಮಾತನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡು ಅಭ್ಯಾಸ ಮಾಡಿದವರು ಇಂಥ ತಪ್ಪುಗಳನ್ನು ದಾಖಲಿಸಿದ್ದಾರೆ. 'ಬೀಳಿಸು' ಅನ್ನೋ ಬೇರೆ ಪದ ಇದ್ದರೂ ಮಗು 'ಬೀಳು' ಅನ್ನೋದನ್ನೇ ಎತ್ತಿಕೊಂಡು ಅದಕ್ಕೆ ಮಾಡಿದವರನ್ನು ಅಂಟಿಸುತ್ತೆ, ನಮ್ಮಲ್ಲಿ "ನಾನು ಲೋಟ ಬಿದ್ದೆ" ಅಂದ ಹಾಗೆ. ಕೇಳೋರಿಗೆ ನಗು. ಮಗುವಿಗೆ ಮಾತ್ರ ಅಲ್ಲಿ ಬಿದ್ದಿದ್ದು ಒಂದು, ಬೀಳಿಸಿದವರು ಒಬ್ಬರು ಅಂತ ಗೊತ್ತು. ಭಾಷೆ ಕೊಡದಿದ್ದರೂ ಹೇಳೋಕೆ ಒದ್ದಾಡುತ್ತೆ.

ಮೂರು. ಮಕ್ಕಳು ತಮ್ಮ ಕಿವಿಗೆ ಹೆಚ್ಚು ಬಿದ್ದಿದ್ದನ್ನು ಬೇಗ ಕಲೀತಾರೆ. ಆಫ್ರಿಕಾದ ದಕ್ಷಿಣದಲ್ಲಿ ಸೆಸೋಥೋ ಅನ್ನೋ ಭಾಷೆ ಇದೆ. ಅಲ್ಲಿ ದೊಡ್ಡವರು ದಿನನಿತ್ಯದ ಮಾತಲ್ಲಿ ಕರ್ಮಣಿಯನ್ನೂ ಸಾಕಷ್ಟು ಬಳಸೋದ್ರಿಂದ ಮೂರು ವರ್ಷ ತುಂಬೋದರೊಳಗೇ ಮಕ್ಕಳೂ ಅದನ್ನು ಸಲೀಸಾಗಿ ಆಡ್ತಾರೆ. ಅಂದ್ರೆ ಯಾವ ವಾಕ್ಯ 'ಸಹಜ' ಅನ್ನೋದರಲ್ಲಿ ಮನೆಯ ದೊಡ್ಡವರ ಪಾಲೂ ಇದೆ.

ಹಾಗಾದ್ರೆ ದೊಡ್ಡವರು ಏನು ಮಾಡ್ತಾರೆ ನೋಡೋಣ.

ಬ್ರೆಜಿಲ್ ಶಾಲೆಯ ವ್ಯಾಕರಣದಲ್ಲಿ 'ಅನಿರ್ದಿಷ್ಟ ಕರ್ತೃ' ಅಂತ ಒಂದು ಪಾಠ ಇದೆ. ಕ್ರಿಯಾಪದಕ್ಕೆ ಬಹುವಚನದ ಪ್ರತ್ಯಯ ಹಚ್ಚಿ, ಕರ್ತೃವಿನ ಜಾಗ ಖಾಲಿ ಬಿಡೋದು. "ಮತಾರಾವ್" ಅಂದ್ರೆ ಕೊಂದರು. "ಬತೇರಾವ್" ಅಂದ್ರೆ ಹೊಡೆದರು. ಯಾರು? ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳಲ್ಲ. ರಿಯೋ ನಗರದ ಫವೇಲಾಗಳಲ್ಲಿ, ಅಂದ್ರೆ ಗುಡ್ಡದ ಮೇಲಿನ ಬಡವರ ಕೇರಿಗಳಲ್ಲಿ, ಹೆಸರು ಗೊತ್ತಿದ್ದವರೂ ಈ ವಾಕ್ಯವನ್ನೇ ಆಡ್ತಾರೆ. ಹೆಸರು ಹೇಳಿದರೆ ನಾಳೆ ಅದೇ ಓಣಿಯಲ್ಲಿ ನೀರು ತರೋಕೆ ಹೋಗಬೇಕು.

ಈ ವಾಕ್ಯ ನನಗೆ ಹೊಸದಲ್ಲ. ನನ್ನ ಚಿಕ್ಕಮ್ಮ ಇದನ್ನೇ ಕನ್ನಡದಲ್ಲಿ ಆಡಿದ್ದಳು. ನಾನಾಗ ಪಿಯುಸಿ. ಕೂಲಿ ಕೇಳಿದ್ದಕ್ಕೆ ಚಿಕ್ಕಮ್ಮನ ತಲೆಗೆ ಏಟು ಬಿದ್ದಿತ್ತು. (ನೋಡಿ, ನಾನೂ "ಏಟು ಬಿದ್ದಿತ್ತು" ಅಂತಲೇ ಬರೆದೆ. ಅಭ್ಯಾಸ.) ಸ್ಟೇಷನ್ನಿಗೆ ಹೋದ್ವಿ. ಬರೆಯೋರು ಕೇಳಿದರು, "ಏನಾಯ್ತಮ್ಮ?" ಚಿಕ್ಕಮ್ಮ ಬಾಗಿಲ ಕಡೆ ನೋಡಿದಳು. ಆಚೆ ಒಂದು ಟ್ರ್ಯಾಕ್ಟರ್ ನಿಂತಿತ್ತು, ಅದರ ಮೇಲೆ ಒಬ್ಬ ಕೂತಿದ್ದ. ಅವಳು ಅಂದಳು, "ಹೊಡೆದ್ರು ಸ್ವಾಮಿ."

"ಯಾರು?"

"ಹೊಡೆದ್ರು."

ಅವಳ ಮೊಮ್ಮಗ, ನಾಕು ವರ್ಷದವನು, ಸೆರಗು ಹಿಡ್ಕೊಂಡು ನಿಂತಿದ್ದ. ಅವನು ಗಟ್ಟಿಯಾಗಿ ಹೇಳಿಬಿಟ್ಟ: "ತೋಟದ್ಮನೆ ಅಣ್ಣ ಹೊಡೆದ, ಅಜ್ಜೀಗೆ." ಚಿಕ್ಕಮ್ಮ ಅವನ ಬಾಯಿ ಮುಚ್ಚಿದಳು.

ಮೇಷ್ಟ್ರೇ, ಕರ್ತೃವಿಲ್ಲದ ವಾಕ್ಯವನ್ನು ನಮ್ಮ ಕೇರಿ ಮಕ್ಕಳು ಕಲಿಯೋದು ಹೀಗೆ. ಹುಡುಗ ಸರಿಯಾಗೇ ಹೇಳಿದ್ದ. ಯಾರು, ಏನು ಮಾಡಿದ, ಯಾರಿಗೆ, ಮೂರೂ ಇತ್ತು ಆ ವಾಕ್ಯದಲ್ಲಿ. ಅದರಿಂದ ಕರ್ತೃವನ್ನು ಕಿತ್ತು ಹಾಕಿದ್ದು ಒಂದು ಕೈ. ಆ ಕೈಯನ್ನು ಬಾಯಿ ಮುಚ್ಚೋ ಹಾಗೆ ಮಾಡಿದ್ದು ಆಚೆ ನಿಂತಿದ್ದ ಟ್ರ್ಯಾಕ್ಟರ್. ಇನ್ನೂ ಒಂದು ಗಮನಿಸಿ, ಹುಡುಗ 'ಹೊಡೆದ' ಅಂದ, ಚಿಕ್ಕಮ್ಮ 'ಹೊಡೆದ್ರು' ಅಂದಳು. ಪೋರ್ಚುಗೀಸಿನ ಬಹುವಚನ ಹೆಸರನ್ನು ಮುಚ್ಚಿಡುತ್ತೆ. ನಮ್ಮ ಬಹುವಚನ ಹೆಸರನ್ನೂ ಮುಚ್ಚಿಟ್ಟು, ಹೊಡೆದವನಿಗೆ ಮರ್ಯಾದೆಯನ್ನೂ ಕೊಡುತ್ತೆ.

ಕೊನೆಗೆ ಕಾಗದದ ಮೇಲೆ ಬಂದಿದ್ದು: "ಕ್ಷುಲ್ಲಕ ಕಾರಣಕ್ಕೆ ಗಲಾಟೆಯಾಗಿ ಸದರಿ ಫಿರ್ಯಾದಿಗೆ ಪೆಟ್ಟಾಗಿರುತ್ತದೆ." ಓದೋಕೆ ಬಾರದ ಚಿಕ್ಕಮ್ಮ ಅದಕ್ಕೆ ಹೆಬ್ಬೆಟ್ಟು ಒತ್ತಿದಳು. ಅವಳ 'ಹೊಡೆದ್ರು' ಭಯದ ಮಾತು. ಆದರೂ ಅದರಲ್ಲಿ ಮನುಷ್ಯರಿದ್ದರು, ಯಾರು ಅಂತ ಕೇಳೋಕೆ ಜಾಗ ಇತ್ತು. ಬರೆದವರ 'ಪೆಟ್ಟಾಗಿರುತ್ತದೆ' ಆ ಜಾಗವನ್ನೂ ಮುಚ್ಚಿತು. ಹೆದರಿದವರು ಕರ್ತೃವನ್ನು ಬಿಡೋದು ಬೇರೆ, ಅಧಿಕಾರ ಇರೋರು ಬಿಡೋದು ಬೇರೆ. ನೀವು ಎರಡನ್ನೂ ಮಗುವಿನ ತೊಟ್ಟಿಲಿಗೆ ಹಾಕಿ ತೂಗ್ತಿದ್ದೀರಿ.

ಪೋರ್ಚುಗೀಸ್ ಮಾತಾಡೋ ಅಧಿಕಾರ ಇದನ್ನು ಹೇಗೆ ಬಳಸಿತು ಅಂತ ಹೇಳ್ತೀನಿ ಕೇಳಿ. ಜಾತಿಗೆ ಇಂಗ್ಲಿಷಿನಲ್ಲಿ 'ಕಾಸ್ಟ್' ಅಂತೀವಲ್ಲ, ಆ ಪದ ಬಂದಿದ್ದೇ ಪೋರ್ಚುಗೀಸರ 'ಕಾಸ್ತಾ' ಇಂದ. ನಮ್ಮ ಕರಾವಳಿಗೆ ಬಂದ ಅವರು ನಮ್ಮ ಸಮಾಜ ನೋಡಿ ಆ ಹೆಸರಿಟ್ಟರು. ಅದೇ ಪೋರ್ಚುಗೀಸರು ಕಟ್ಟಿದ ಬ್ರೆಜಿಲ್‌ಗೆ ಮೂರು ಶತಮಾನದಲ್ಲಿ ಆಫ್ರಿಕಾದಿಂದ ಹೊತ್ತು ತಂದ ಜನ 40 ಲಕ್ಷಕ್ಕೂ ಹೆಚ್ಚು. ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಕೊನೆಗೆ ಕೈಬಿಟ್ಟ ದೇಶ ಅದು. 1888ರ ಮೇ 13ರಂದು ರಾಜಕುಮಾರಿ ಇಸಾಬೆಲ್ ಸಹಿ ಹಾಕಿದ ಕಾನೂನಿಗೆ 'ಚಿನ್ನದ ಕಾನೂನು' ಅಂತ ಹೆಸರು. ಅದರಲ್ಲಿ ಇರೋದು ಎರಡೇ ಕಲಂ. ಮೊದಲನೆಯದರ ಅರ್ಥ: ಈ ದಿನದಿಂದ ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕೊನೆಗೊಂಡಿದೆ ಎಂದು ಘೋಷಿಸಲಾಗಿದೆ. ಎರಡನೆಯದು: ಇದಕ್ಕೆ ವಿರುದ್ಧವಾದ ನಿಯಮಗಳು ರದ್ದು. ಅಷ್ಟೇ. ಗುಲಾಮರನ್ನಾಗಿ ಮಾಡಿದ್ದು ಯಾರು? ಇಲ್ಲ. ದುಡಿಸಿಕೊಂಡವರು ಏನು ಕೊಡಬೇಕು? ಇಲ್ಲ. ಭೂಮಿ, ಶಾಲೆ, ಪರಿಹಾರ? ಒಂದೂ ಇಲ್ಲ. ಗುಲಾಮಗಿರಿ ಅನ್ನೋದು ತಾನಾಗೇ ಬಂದಿದ್ದ ಕಾಯಿಲೆ, ತಾನಾಗೇ ವಾಸಿಯಾಯ್ತು ಅನ್ನೋ ಹಾಗೆ.

1890ರ ಡಿಸೆಂಬರ್‌ನಲ್ಲಿ ಹಣಕಾಸು ಮಂತ್ರಿ ರುಯಿ ಬಾರ್ಬೊಸಾ ಗುಲಾಮರ ದಾಖಲೆಗಳನ್ನು ಸುಡೋಕೆ ಆದೇಶ ಕೊಟ್ಟ. ಮಾಜಿ ಮಾಲೀಕರು ಅದೇ ದಾಖಲೆ ಹಿಡ್ಕೊಂಡು ಸರ್ಕಾರದ ಹತ್ತಿರ ಪರಿಹಾರ ಕೇಳಬಾರದು ಅನ್ನೋದು ಅದರ ಹಿಂದಿನ ಲೆಕ್ಕ ಅಂತ ಇತಿಹಾಸಕಾರರು ಹೇಳ್ತಾರೆ. ಇರಲಿ. ಆದರೆ ಬೂದಿಯಾಗಿದ್ದರಲ್ಲಿ ಯಾರು ಯಾರ ಒಡೆಯ ಅನ್ನೋ ಬರಹವೂ ಇತ್ತು. ಮೊದಲು ಕಾನೂನಿನ ವಾಕ್ಯದಲ್ಲಿ ಕರ್ತೃ ಇರಲಿಲ್ಲ, ಆಮೇಲೆ ಕಡತವೂ ಇಲ್ಲವಾಯಿತು.

ಇದು ಹಳೇ ಕತೆ ಅನ್ನಬೇಡಿ. ಇವತ್ತು ರಿಯೋದ ಪೇಪರುಗಳಲ್ಲಿ ಪದೇ ಪದೇ ಬರೋ ಎರಡು ಪದ 'ಬಾಲಾ ಪೆರ್ದಿದಾ'. ಅಂದ್ರೆ ದಾರಿ ತಪ್ಪಿದ ಗುಂಡು. ಗುಂಡಿಗೆ ಪಾಪ, ದಾರಿ ತಪ್ಪಿತು, ಮಗು ಅಡ್ಡ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಕಾಂಪ್ಲೆಕ್ಸೊ ದೊ ಅಲೆಮಾವ್ ಅನ್ನೋ ಕೇರಿಯಲ್ಲಿ ವ್ಯಾನಿನೊಳಗೆ ಕೂತಿದ್ದ ಎಂಟು ವರ್ಷದ ಕಪ್ಪು ಹುಡುಗಿ ಬೆನ್ನಿಗೆ ಗುಂಡು ತಗುಲಿ ಸತ್ತಳು. ಗುಂಡು ಹಾರಿಸಿದ್ದು ಒಬ್ಬ ಪೊಲೀಸ್ ಅಂತ ತನಿಖೆಯೇ ಹೇಳಿತು. 2024ರಲ್ಲಿ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಅದೇ ದೇಶದ ಪೊಲೀಸರು ತಾವು ಕೊಂದವರ ಕೇಸುಗಳನ್ನು ದಶಕಗಟ್ಟಲೆ 'ಪ್ರತಿರೋಧದ ವರದಿ' ಅನ್ನೋ ಹೆಸರಲ್ಲಿ ಬರೆದರು. ಮಿಲಿಟರಿ ಆಡಳಿತದ ಕಾಲದಲ್ಲಿ ಶುರುವಾದ ಪದ ಅದು. ಆ ತಲೆಬರಹದಲ್ಲಿ ಏನಾದ್ರೂ ಮಾಡಿದವನು ಅಂತ ಕಾಣೋನು ಒಬ್ಬನೇ, ಸತ್ತವನು. ಅವನು ಪ್ರತಿರೋಧ ಮಾಡಿದ. ಕೊಂದವನಿಗೆ ಅಲ್ಲಿ ಜಾಗವೇ ಇಲ್ಲ. 2016ರಲ್ಲಿ ಆ ಪದ ಕೈಬಿಟ್ಟು ಹೊಸದು ತಂದರು. ಅದರ ಅರ್ಥ ಹೆಚ್ಚುಕಮ್ಮಿ, ಪೊಲೀಸ್ ಕ್ರಮಕ್ಕೆ ಒಡ್ಡಿದ ವಿರೋಧದಿಂದ ಉಂಟಾದ ಸಾವು. ಸಾವು ಉಂಟಾಯಿತಂತೆ! ಹೀಗೆ ಸಾಯೋರಲ್ಲಿ ಬಹುಪಾಲು ಕಪ್ಪು ಹುಡುಗರು.

ನಮ್ಮಲ್ಲಿ? ಕಂಬಾಲಪಲ್ಲಿ. 2000ದ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆಯ ಆ ಊರಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. ಯಾಕೆ ತಿರುಗಿಬಿದ್ದರು ಅಂತ ಚಿಕ್ಕಮ್ಮನ ಕೈ ನೋಡಿದ ನನಗೆ ಯಾರೂ ವಿವರಿಸಬೇಕಿಲ್ಲ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡೀತು. ಈಗ ದಾಖಲೆಯಲ್ಲಿ ಉಳಿದಿರೋದು ಏನು? ಏಳು ಜನ ಸುಟ್ಟುಹೋದರು. ಸುಟ್ಟವರು ಯಾರೂ ಇಲ್ಲ. ಮೇಷ್ಟ್ರೇ, ಇದೂ ಭಾಷೆಯ ಸಹಜ ಗುಣವೇ?

ಇಲ್ಲಿ ಬಾಬಾಸಾಹೇಬರನ್ನು ನೆನೀಬೇಕು. ನಮ್ಮ ಸಂವಿಧಾನದ 17ನೇ ವಿಧಿಯೂ ಕರ್ತೃ ಇಲ್ಲದೆಯೇ ಶುರುವಾಗುತ್ತೆ. ಅಸ್ಪೃಶ್ಯತೆಯನ್ನು ರದ್ದು ಮಾಡಲಾಗಿದೆ, ಅದರ ಆಚರಣೆಯನ್ನು ನಿಷೇಧಿಸಲಾಗಿದೆ. ಬ್ರೆಜಿಲ್‌ನ ಚಿನ್ನದ ಕಾನೂನು ಹೆಚ್ಚುಕಮ್ಮಿ ಇಂಥ ವಾಕ್ಯಕ್ಕೇ ನಿಂತಿತು. ನಮ್ಮದು ನಿಲ್ಲಲಿಲ್ಲ. ಅಸ್ಪೃಶ್ಯತೆಯ ಹೆಸರಲ್ಲಿ ಯಾವ ನಿರ್ಬಂಧ ಹೇರಿದರೂ ಅದು ಕಾನೂನಿನ ಪ್ರಕಾರ ಶಿಕ್ಷಾರ್ಹ ಅಪರಾಧ ಅಂತ ಮುಂದುವರೀತು. ಅಪರಾಧ ಅಂದಮೇಲೆ ಅಪರಾಧಿ ಇರಲೇಬೇಕಲ್ಲ. ಆ ಎಳೆ ಹಿಡಿದು 1955ರ ಕಾನೂನು ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಆ ಕಾಯ್ದೆಯ 3ನೇ ಕಲಂ ಹೇಗೆ ಶುರುವಾಗುತ್ತೆ ಗೊತ್ತಾ? ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡಕ್ಕೆ ಸೇರದ ಯಾರೇ ಆಗಲಿ ಅಂತ ಶುರು. ಮಾಡಿದವರು ಮೊದಲು, ಮಾಡಿದ್ದು ಆಮೇಲೆ. ಈ ಕಾಯ್ದೆ ಕಂಡರೆ ಕೆಲವರಿಗೆ ಮೈ ಉರಿಯೋದು ಯಾಕೆ ಅಂತ ಈಗ ಅರ್ಥ ಮಾಡ್ಕೊಳ್ಳಿ. ಶಿಕ್ಷೆಗಿಂತ ಮೊದಲು ಅವರಿಗೆ ಚುಚ್ಚೋದು ಆ ವಾಕ್ಯದ ಮೊದಲ ಪದಗಳೇ.

ಅದರ 4ನೇ ಕಲಂ ಇನ್ನೂ ಮುಂದೆ ಹೋಗುತ್ತೆ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ, ಸಹಿ ಹಾಕಿಸೋ ಮೊದಲು ದೂರು ಕೊಟ್ಟವರಿಗೆ ಅದನ್ನು ಓದಿ ಹೇಳೋದು ಅಧಿಕಾರಿಯ ಕರ್ತವ್ಯ. 2015ರ ತಿದ್ದುಪಡಿಯಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ಬೇಕಂತಲೇ ಮಾಡದಿದ್ದರೆ ಆ ಅಧಿಕಾರಿಗೂ ಶಿಕ್ಷೆ ಇದೆ. ನನ್ನ ಚಿಕ್ಕಮ್ಮನ ಕಾಲಕ್ಕೆ ಇದು ಇಷ್ಟು ಬಿಡಿಸಿ ಬರೆದಿರಲಿಲ್ಲ. ಈಗ ಇದೆ. ಕೇಳಿ ಪಡೀರಿ.

ಹಾಗಂತ ಕರ್ತೃ ಇಲ್ಲದ ಮಾತೆಲ್ಲ ಶತ್ರು ಅಂತ ನಾನು ಹೇಳ್ತಿಲ್ಲ. ಬ್ರೆಜಿಲ್‌ನ ಕಪ್ಪು ಚಳವಳಿಯವರು 'ಎಸ್ಕ್ರಾವು', ಅಂದ್ರೆ ಗುಲಾಮ, ಅನ್ನೋ ಪದ ಬೇಡ ಅಂತಾರೆ. 'ಎಸ್ಕ್ರಾವಿಜಾದು' ಅನ್ನಿ ಅಂತಾರೆ. ಗುಲಾಮರನ್ನಾಗಿ ಮಾಡಲ್ಪಟ್ಟವರು. ಮೊದಲನೇ ಪದ ಕೇಳಿದರೆ ಹುಟ್ಟಿನಿಂದಲೇ ಗುಲಾಮ ಅನ್ನಿಸುತ್ತೆ. ಎರಡನೇದು ಕೇಳಿದ ಕೂಡಲೇ ಮನಸ್ಸಿಗೆ ಬರೋ ಪ್ರಶ್ನೆ, ಮಾಡಿದ್ದು ಯಾರು? ನಮ್ಮ ಹೆಸರನ್ನೇ ನೋಡಿ. ದಲಿತ. ತುಳಿಯಲ್ಪಟ್ಟವರು, ಒಡೆಯಲ್ಪಟ್ಟವರು. ಕರ್ತೃ ಇಲ್ಲದ ಕರ್ಮಣಿ ಪದ ಅದು! ಆದರೂ ನಾವು ಅದನ್ನು ಎದೆಗೆ ಹಚ್ಚಿಕೊಂಡಿದ್ದೀವಿ. 'ಹರಿಜನ' ಅನ್ನೋ ಪದದಲ್ಲಿ ಯಾರೂ ಯಾರಿಗೂ ಏನೂ ಮಾಡಿಲ್ಲ. 'ದಲಿತ' ಅಂದ ತಕ್ಷಣ ತುಳಿದದ್ದು ಯಾರು ಅಂತ ಕೇಳಲೇಬೇಕಾಗುತ್ತೆ.

ಅಷ್ಟೇ ಮೇಷ್ಟ್ರೇ ವ್ಯತ್ಯಾಸ. ಮಗುವಿನ 'ಕೆಬ್ರೋ' ಆದಮೇಲೆ ಯಾರು ಅಂತ ಕೇಳಬಹುದು, ಉತ್ತರ ಬರುತ್ತೆ. 'ದಲಿತ' ಅನ್ನೋ ಪದ ಆ ಪ್ರಶ್ನೆಯನ್ನು ಕೂಗಿ ಕರೆಯುತ್ತೆ. 'ಹಲ್ಲೆ ನಡೆದಿದೆ' ಅನ್ನೋದು ಆ ಪ್ರಶ್ನೆ ಏಳದ ಹಾಗೆ ಚಿಲಕ ಹಾಕುತ್ತೆ. ತಪ್ಪು ವ್ಯಾಕರಣದ್ದಲ್ಲ. ಚಿಲಕ ಹಾಕಿದವರದ್ದು.

ಪ್ರಶ್ನೆ ಬಿಡದೆ ಕೇಳಿದರೆ ಏನಾಗುತ್ತೆ ಅನ್ನೋದಕ್ಕೂ ಪೋರ್ಚುಗೀಸಿನಲ್ಲೇ ಉದಾಹರಣೆ ಇದೆ. ಮರಿಯೆಲ್ಲಿ ಫ್ರಾಂಕೊ, ರಿಯೋದ ಮಾರೆ ಫವೇಲಾದಲ್ಲಿ ಬೆಳೆದ ಕಪ್ಪು ಹೆಣ್ಣುಮಗಳು, ನಗರಸಭೆ ಸದಸ್ಯೆ. 2018ರ ಮಾರ್ಚ್ 14ರ ರಾತ್ರಿ ಅವರನ್ನೂ ಅವರ ಕಾರಿನ ಡ್ರೈವರನ್ನೂ ಗುಂಡಿಟ್ಟು ಕೊಂದರು. ಜನ ಗೋಡೆಗಳ ಮೇಲೆ, ಅಂಗಿಗಳ ಮೇಲೆ, ಬೀದಿಗಳಲ್ಲಿ ಒಂದೇ ಪ್ರಶ್ನೆ ಬರೆದರು: ಮರಿಯೆಲ್ಲಿಯನ್ನು ಕೊಲ್ಲಿಸಿದವರು ಯಾರು? ವಾಕ್ಯದ ಮೊದಲ ಪದವೇ 'ಕೇಂ', ಯಾರು. ಲೋಟ ಒಡೆದಾಗ ಅಮ್ಮ ಮಗುವನ್ನು ಕೇಳೋ ಅದೇ ಪದ. ಆರು ವರ್ಷ ಬಿಡಲಿಲ್ಲ. 2024ರಲ್ಲಿ ಕೊಲ್ಲಿಸಿದ ಆರೋಪದ ಮೇಲೆ ಒಬ್ಬ ಸಂಸದ, ಅವನ ಸಹೋದರ, ಜೊತೆಗೆ ಒಬ್ಬ ಮಾಜಿ ಪೊಲೀಸ್ ಮುಖ್ಯಸ್ಥನ ಬಂಧನ ಆಯ್ತು. ಅದೇ ವರ್ಷ ಕೊಲೆ ಮಾಡಿದ ಇಬ್ಬರು ಮಾಜಿ ಪೊಲೀಸರಿಗೆ ಶಿಕ್ಷೆ ಆಯ್ತು.

ಗೆಳೆಯರೇ, ನನ್ನ ಕೋರಿಕೆ ದೊಡ್ಡದೇನಲ್ಲ. ನಾಳೆ ಪೇಪರಿನಲ್ಲಿ 'ಹಲ್ಲೆ ನಡೆದಿದೆ', 'ಬಹಿಷ್ಕಾರ ಹಾಕಲಾಗಿದೆ', 'ಸಾವು ಸಂಭವಿಸಿದೆ' ಅಂತ ಕಂಡರೆ ಅದರ ಪಕ್ಕ ಪೆನ್ನಲ್ಲಿ 'ಯಾರು?' ಅಂತ ಬರೀರಿ, ಫೋಟೋ ತೆಗೆದು ಹಾಕಿ. ಸ್ಟೇಷನ್ನಿಗೆ ಹೋಗೋರ ಜೊತೆ ಓದು ಬಲ್ಲವರೊಬ್ಬರು ಹೋಗಿ. ದೂರು ಗಟ್ಟಿಯಾಗಿ ಓದಿಸಿ, ಹೆಸರಿಲ್ಲದ ವಾಕ್ಯಕ್ಕೆ ಹೆಬ್ಬೆಟ್ಟು ಒತ್ತೋಕೆ ಬಿಡಬೇಡಿ, ಪ್ರತಿ ಕೈಗೆ ಬರೋವರೆಗೂ ಎದ್ದು ಬರಬೇಡಿ. ಮೇಷ್ಟ್ರುಗಳೇ, ಕರ್ಮಣಿ ಪ್ರಯೋಗ ಪಾಠ ಮಾಡೋವಾಗ 'ಇಂದ' ಬಿಟ್ಟುಹೋದರೆ ಯಾರಿಗೆ ಲಾಭ ಅಂತ ಒಂದು ಮಾತು ಮಕ್ಕಳನ್ನು ಕೇಳಿ. ಅವರಿಗೆ ಉತ್ತರ ಗೊತ್ತಿರುತ್ತೆ.

ಮತ್ತೆ ಮನೇಲಿ ಮಗು "ಇಂಥೋನು ಹೊಡೆದ" ಅಂತ ಹೆಸರು ಹೇಳಿದ್ರೆ ಅದರ ಬಾಯಿ ಮುಚ್ಚಬೇಡಿ. ಆವತ್ತು ಸ್ಟೇಷನ್ನಲ್ಲಿ ಸರಿಯಾದ ವಾಕ್ಯ ಆಡಿದ್ದು ಅವನೊಬ್ಬನೇ. ನಾನು ಪಿಯುಸಿ ಓದ್ತಿದ್ದೋನು, ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅದಕ್ಕೆ ಕರ್ತೃ ನಾನೇ.

ಜೈ ಭೀಮ್.